ಫೋಟೋಗೆ ಬಂದ ಕುರ್ಚಿ

“ಅಕ್ಕಾ, ನೀವು ಮಧ್ಯದಲ್ಲಿ ಕೂತ್ಕೊಳ್ಳಿ. ಕಾಲು ಸ್ವಲ್ಪ ಮುಂದಕ್ಕೆ ಚಾಚಿ. ಕಾಣಬೇಕು,” ಎಂದ ಮ್ಯಾನೇಜರ್.

ಯಾವ ಕಾಲು ಎಂದು ಕೇಳುವ ಅಗತ್ಯವಿರಲಿಲ್ಲ. ಬಾಗಿಲ ಪಕ್ಕದ ಕೌಂಟರಿನಲ್ಲಿ ಬಿಲ್ಲು ಹಾಕುವ ಅಕ್ಕನ ಎಡಗಾಲು ಹುಟ್ಟಿದಾಗಿನಿಂದಲೂ ಗಿಡ್ಡ, ಸಣಕಲು. ಆ ಕಾಲು ಹೊತ್ತುಕೊಂಡು ದಿನವಿಡೀ ನಿಂತೇ ಬಿಲ್ಲು ಹಾಕಬೇಕು. ಕೂರಲು ಏನಾದರೂ ಕೊಡಿ ಎಂದು ಕೇಳಿ ಕೇಳಿ ಅವಳ ಬಾಯಿ ಸೋತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. “ಕೂತು ಬಿಲ್ಲು ಹಾಕಿದ್ರೆ ಗಿರಾಕಿಗೆ ಏನು ಮರ್ಯಾದೆ?” ಎಂಬುದೊಂದೇ ಮ್ಯಾನೇಜರನ ಉತ್ತರ. ಇವತ್ತು ಕೇಳದೆಯೇ ಕುರ್ಚಿ ಬಂದಿತ್ತು. ನೀಲಿ ಮೆತ್ತೆಯದು. ಅಂಗಡಿಯ ಕುರ್ಚಿ ಮೇಜುಗಳ ಸಾಲಿನಿಂದಲೇ ಎತ್ತಿ ತಂದದ್ದು. ‘ಅರ್ಧ ಬೆಲೆ’ ಎಂಬ ಕೆಂಪು ಚೀಟಿ ಅದರ ಕೈಯಿಂದ ಇನ್ನೂ ನೇತಾಡುತ್ತಿತ್ತು. ಪುಣ್ಯಾತ್ಮ ಅದನ್ನು ಹಿಂದಕ್ಕೆ ತಿರುಗಿಸಿ ಮರೆ ಮಾಡಿದ.

ನಮ್ಮ ಅಂಗಡಿಯಲ್ಲಿ ಎಲ್ಲ ಬಗೆಯ ಜನ ದುಡಿಯುತ್ತಾರೆ ಎಂದು ತೋರಿಸುವ ಫೋಟೋ ಇವತ್ತೇ ಬೇಕು ಎಂದು ಹೆಡ್ಡಾಫೀಸಿನಿಂದ ಹುಕುಂ ಬಂದಿತ್ತು. ಮ್ಯಾನೇಜರ್ ಬದನೆಕಾಯಿ ಆರಿಸುವವನಂತೆ ಜನರನ್ನು ಆರಿಸಿದ್ದ. ಅಕ್ಕನ ಪಕ್ಕಕ್ಕೆ, ಗಾಡಿಗಳನ್ನು ತಳ್ಳಿ ಜೋಡಿಸುವ, ಕಿವಿ ಕೇಳದ ಟ್ರಾಲಿ ಅಣ್ಣ. ಹಿಂದೆ ಇನ್ನೊಂದಿಷ್ಟು ಜನ.

“ಏಯ್, ನಗಪ್ಪಾ!” ಎಂದು ಟ್ರಾಲಿ ಅಣ್ಣನ ಕಡೆ ಕೂಗಿದ ಮ್ಯಾನೇಜರ್. ಟ್ರಾಲಿ ಅಣ್ಣ ಕಂಬದ ಹಾಗೆ ನಿಂತಿದ್ದ. ರಿಯಾಯಿತಿ ಸಾರುವ ಮೈಕು ಎಳೆದುಕೊಂಡು ಅದರಲ್ಲೂ ಕೂಗಿದ. ಸಾಬೂನಿನ ಸಾಲಿನಲ್ಲಿದ್ದ ಗಿರಾಕಿಗಳೆಲ್ಲ ನಕ್ಕರು. ನಗಬೇಕಾದವನು ನಗಲಿಲ್ಲ.

“ಸಾರ್, ಅವನಿಗೆ ಕಿವಿ ಕೇಳಿಸಲ್ಲ. ಅದಕ್ಕೇ ಅಲ್ವಾ ನೀವು ಅವನನ್ನ ನಿಲ್ಸಿರೋದು?” ಎಂದಳು ಅಕ್ಕ. ಟ್ರಾಲಿ ಅಣ್ಣನ ಮೊಣಕೈ ತಟ್ಟಿ, ತನ್ನ ತುಟಿಯ ಎರಡೂ ತುದಿಗಳನ್ನು ಬೆರಳಿನಿಂದ ಮೇಲೆತ್ತಿ ತೋರಿಸಿದಳು. ಅವನು ಹಲ್ಲು ಕಿರಿದ. ಮ್ಯಾನೇಜರ್ ಮೊಬೈಲಿನಲ್ಲಿ ಫೋಟೋ ಹೊಡೆದ.

ಎಲ್ಲರೂ ಚದುರಿದರು. ಅಕ್ಕ ಮಾತ್ರ ಏಳಲಿಲ್ಲ. ಸೊಂಟದ ಸೆಳೆತ ಆಗಷ್ಟೇ ಬಿಡತೊಡಗಿತ್ತು.

“ಸಾರ್, ಇದು ನನ್ನ ಕೌಂಟರಿಗೇ ಇರಲಿ ಬಿಡಿ.”

“ಅಯ್ಯೋ, ಮಾರೋ ಮಾಲು ಅಕ್ಕಾ! ಮೆತ್ತೆ ಕುಸಿದ್ರೆ ಯಾರು ತಗೋತಾರೆ?”

“ಫೋಟೋದಲ್ಲಿ ಕೂತಿದ್ದೀನಲ್ಲ. ಹೆಡ್ಡಾಫೀಸಿನವರು ಬಂದು, ಎಲ್ಲಿ ಆ ಕುರ್ಚಿ ಅಂದ್ರೆ?”

“ಬಂದಾಗ ತರಿಸೋಣ. ಏಳಿ, ಏಳಿ. ಕ್ಯೂ ಬೆಳೀತಿದೆ.”

ಅವಳು ಪೂರ್ತಿ ಎದ್ದು ನಿಲ್ಲುವ ಮೊದಲೇ ಕುರ್ಚಿಯನ್ನು ಎಳೆದುಕೊಂಡು ಹೋದ. ಕೆಂಪು ಚೀಟಿಯನ್ನು ಮತ್ತೆ ಮುಂದಕ್ಕೆ ತಿರುಗಿಸಲು ಮರೆಯಲಿಲ್ಲ.

ಊಟದ ಹೊತ್ತು ಮುಗಿಯುವಷ್ಟರಲ್ಲಿ ಕೌಂಟರುಗಳ ಮೇಲಿನ ದೊಡ್ಡ ಟಿವಿಯಲ್ಲಿ ಫೋಟೋ ಬಂತು. ಕೆಳಗೆ ದಪ್ಪಕ್ಷರ: ‘ಇಲ್ಲಿ ಎಲ್ಲರೂ ನಮ್ಮವರೇ’. ಅದೇ ಹೊತ್ತಿಗೆ ಅಕ್ಕನ ಮುಂದೆ ಒಬ್ಬ ಗಿರಾಕಿ ಬಂದು ನಿಂತ. ಅವನ ಗಾಡಿಯಲ್ಲಿ ಆ ನೀಲಿ ಕುರ್ಚಿ.

“ಅರೆ, ಅಲ್ಲಿ ಕೂತಿರೋದು ನೀವೇ ಅಲ್ವೇನಮ್ಮಾ? ಕುರ್ಚೀನೂ ಇದೇ!” ಎಂದು ಅವನು ಟಿವಿ ನೋಡಿ ಹಿಗ್ಗಿದ. “ಹೇಗಿದೆ? ಸೊಂಟಕ್ಕೆ ಸುಖವಾಗಿರುತ್ತಾ?”

“ಫೋಟೋ ಹೊಡೆಯೋವರೆಗೂ ಸುಖವಾಗಿತ್ತು,” ಎಂದು ಅಕ್ಕ ಕೆಂಪು ಚೀಟಿಗೆ ಬೆಲೆ ಓದುವ ಯಂತ್ರ ಹಿಡಿದಳು.

ಬಿಲ್ಲಿನ ಕಾಗದ ಅರ್ಧಕ್ಕೇ ಮುಗಿಯಿತು. ಹೊಸ ಸುರುಳಿ ಬರಬೇಕು. ಗಿರಾಕಿ ಗಾಡಿಯಿಂದ ಕುರ್ಚಿ ಇಳಿಸಿ, ಹೇಗೂ ತನ್ನದೇ ಆಯಿತಲ್ಲ ಎಂದು ಅದರಲ್ಲಿ ಆರಾಮಾಗಿ ಕೂತ. ಅಕ್ಕ ಮೇಜಿಗೆ ಎರಡೂ ಕೈ ಊರಿ, ಜೋಮು ಹಿಡಿದ ಎಡಗಾಲನ್ನು ಪಕ್ಕಕ್ಕೆ ಚಾಚಿದಳು.

ಮ್ಯಾನೇಜರ್ ಸುರುಳಿ ಹಿಡಿದು ಓಡಿ ಬಂದ. ಗಿರಾಕಿಗೆ ಕೈ ಮುಗಿದು, ಅಕ್ಕನ ಕಿವಿಯ ಹತ್ತಿರ ಬಗ್ಗಿದ.

“ಕಾಲು ಒಳಗೆ ತಗೊಳ್ಳಿ ಅಕ್ಕಾ. ಜನಕ್ಕೆ ಕಾಣುತ್ತೆ.”