ವಾಪಸ್ ಹೋದ ಧಾರೆ ರವಿಕೆಗಳು

ನನ್ನ ಹೊಟ್ಟೆಯಲ್ಲಿ ನಮ್ಮ ಊರಿನ ಹನ್ನೆರಡು ಸಾವಿರ ಗುಟ್ಟುಗಳಿವೆ... ಮೂವತ್ತು ವರ್ಷದಲ್ಲಿ ಒಂದೂ ಹೊರಗೆ ಬಿದ್ದಿಲ್ಲ!

ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಅವನ್ನು ಕಲ್ಲು ಎಂದುಕೊಂಡು ಎಣಿಸಲು ಹೋಗಿ, ಸುಸ್ತಾಗಿ, ತಾವೇ ಅಡ್ಮಿಟ್ ಆದರು.

ಅಂಥ ಬಾಯಿ ನನ್ನದು. ಆದ್ದರಿಂದ ಈ ಕಥೆಯನ್ನು ನಂಬಿ ಓದಿ...

ನಮ್ಮ ಪೇಟೆಯಲ್ಲಿ ಒಬ್ಬಳು ಟೈಲರ್. ಪಂಕಜಾ ಎಂದು ಕರೆಯೋಣ. ಅವಳು ಹೊಲಿದ ರವಿಕೆ ತೊಡಿಸಿದರೆ ಲೈಟ್ ಕಂಬಕ್ಕೂ ಸೊಂಟ ಬರುತ್ತಿತ್ತು!

ಅವ್ವ ತೀರಿಕೊಂಡ ಮೇಲೆ ಅವಳಿಗೆ ಏನೋ ಆಯಿತು. ನಿದ್ದೆ ಇಲ್ಲ. ಸೂಜಿಗೆ ದಾರ ಪೋಣಿಸುವಾಗ ಸುಮ್ಮಸುಮ್ಮನೆ ಕಣ್ಣೀರು...

ಆಶಾ ಕಾರ್ಯಕರ್ತೆ ಚೀಟಿಯಲ್ಲಿ ಒಂದು ನಂಬರ್ ಬರೆದುಕೊಟ್ಟಳು. ಆಸ್ಪತ್ರೆಗೆ ಹೋಗುವುದೇ ಬೇಡ, ಮೊಬೈಲಿನಲ್ಲೇ ಆಪ್ತಸಮಾಲೋಚಕರ ಜೊತೆ ಮಾತಾಡಬಹುದಂತೆ.

ಪಂಕಜಾ ಆ ಚೀಟಿಯನ್ನು ಪಕ್ಕದ ಮ್ಯಾಚಿಂಗ್ ಸೆಂಟರಿನ ಅಕ್ಕನಿಗೆ ತೋರಿಸಿದಳು. ಲೈನಿಂಗ್ ಬಟ್ಟೆ, ಫಾಲ್ಸ್, ಹುಕ್ಕು ಎಲ್ಲ ಅಲ್ಲಿಂದಲೇ. ಮಧ್ಯಾಹ್ನದ ಊಟವೂ ಇಬ್ಬರದೂ ಒಟ್ಟಿಗೇ.

“ಅಯ್ಯೋ ಹುಚ್ಚಿ! ಗುರುತಿಲ್ಲದೋರ ಹತ್ರ ಮನಸು ಬಿಚ್ತೀಯಾ? ರೆಕಾರ್ಡ್ ಮಾಡ್ಕೊಂಡು ಊರಿಗೆಲ್ಲ ಕೇಳಿಸ್ತಾರೆ ಕಣೆ! ನಾನಿಲ್ವಾ? ನನ್ ಮಕ್ಕಳಾಣೆ, ಈ ಕಿವೀಲಿ ಕೇಳಿದ್ದು ಈ ಬಾಯಿಗೆ ಬರಲ್ಲ.”

ಗುರುತಿರುವವರೇ ವಾಸಿ ಎಂದುಕೊಂಡಳು ಪಂಕಜಾ. ಚೀಟಿಯನ್ನು ಬಾಬಿನ್ ಡಬ್ಬಿಗೆ ಹಾಕಿ, ಎಲ್ಲವನ್ನೂ ಹೇಳಿಕೊಂಡಳು.

“ಅಕ್ಕಾ... ಒಂದೊಂದ್ಸಲ ಬದುಕೇ ಬೇಡ ಅನ್ಸುತ್ತೆ.”

ನಾಲ್ಕನೇ ದಿನ ಮದುವೆಮನೆಯವರು ಬಂದರು. ಮದುಮಗಳ ತಾಯಿ ಅಂಗಡಿಯ ಮೆಟ್ಟಿಲನ್ನೇ ಹತ್ತಲಿಲ್ಲ...

“ರವಿಕೆ ಬಟ್ಟೆ ವಾಪಸ್ ಕೊಟ್ಬಿಡಮ್ಮ. ಬೇಜಾರ್ ಮಾಡ್ಕೋಬೇಡ. ಧಾರೆ ರವಿಕೆ ನೋಡು... ಕೆರೆಗೆ ಹಾರೋಕೆ ಹೋಗಿದ್ದೋರ ಕೈಲಿ ಹೊಲಿಸ್ಬಾರ್ದಂತೆ.”

ಕೆರೆ? ಪಂಕಜಾ ಕೆರೆಯ ಕಡೆ ತಲೆ ಹಾಕಿ ವರ್ಷವಾಗಿತ್ತು!

“ಯಾರಮ್ಮ ಹೇಳಿದ್ದು?”

ಆಕೆಯ ಕಣ್ಣು ಪಕ್ಕದ ಅಂಗಡಿಯತ್ತ ಹೋಗಿ ಬಂತು...

ಅಲ್ಲಿ ಅಕ್ಕ ಫಾಲ್ಸ್ ಅಳೆಯುತ್ತಿದ್ದಳು. ಅಳೆದದ್ದನ್ನೇ ಮತ್ತೆ ಅಳೆಯುತ್ತಿದ್ದಳು.

ಆ ದಿನ ನೂರು ರವಿಕೆಗಳು ವಾಪಸ್ ಹೋದವು! ಪಂಕಜಾಳ ಕಣ್ಣೀರಿಗೆ ಹೊಲಿಗೆ ಮಿಷನ್ನೇ ತುಕ್ಕು ಹಿಡಿಯಿತು!

ಊರಿಗೆ ಗೊತ್ತಾದದ್ದಲ್ಲ ಅವಳನ್ನು ಸುಟ್ಟಿದ್ದು... ಹೇಳಿದ್ದು ಒಬ್ಬಳಿಗೇ, ಅದೂ ತನ್ನ ಬುತ್ತಿಯಲ್ಲಿ ಕೈ ಹಾಕಿ ಉಂಡವಳಿಗೆ.

ಮಧ್ಯಾಹ್ನ ಒಬ್ಬಳೇ ಕೂತು ಬಾಬಿನ್ ಡಬ್ಬಿ ತೆರೆದಳು. ನಂಬರ್ ಒತ್ತಿದಳು. ಹೆಸರು ಹೇಳುವ ಮೊದಲೇ ಕೇಳಿದಳು:

“ಯಾರಿಗೂ ಹೇಳಲ್ಲ ಅಂತ ಆಣೆ ಮಾಡ್ತೀರಾ?”

ಆ ಕಡೆಯಿಂದ ಹೆಣ್ಣುದನಿ ಬಂತು...

“ಆಣೆ ಮಾಡಲ್ಲಮ್ಮ. ನೀವು ಹೇಳಿದ್ದು ನಮ್ಮಲ್ಲೇ ಇರುತ್ತೆ. ಆದ್ರೆ ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದ್ರೆ, ಕಾಪಾಡೋಕೆ ಒಬ್ರಿಗೆ ಹೇಳಬೇಕಾಗುತ್ತೆ. ಅದನ್ನೂ ಆದಷ್ಟು ನಿಮಗೆ ತಿಳಿಸಿಯೇ. ಇದು ಗೊತ್ತಿದ್ದು ಮಾತಾಡ್ತೀರಾ? ಬೇಡ ಅಂದ್ರೂ ತಪ್ಪೇನಿಲ್ಲ.”

ಪಂಕಜಾ ಬಿಕ್ಕಿ ಬಿಕ್ಕಿ ಅತ್ತಳು...

ಮಕ್ಕಳ ಮೇಲೆ ಆಣೆ ಹಾಕಿದವಳು ಊರಿಗೆ ಹಂಚಿದ್ದಳು. ಇವಳು ಆಣೆಯನ್ನೇ ಹಾಕದೆ, ತಾನು ಎಲ್ಲಿ ಬಾಯಿ ತೆರೆಯಬೇಕಾದೀತು ಎಂಬುದನ್ನು ಮೊದಲೇ ಹೇಳಿದ್ದಳು!

“ಮಾತಾಡ್ತೀನಿ ಮೇಡಂ” ಎಂದಳು.

ಆಣೆ ಹಾಕುವ ಬಾಯಿಗಿಂತ, ತನ್ನ ಮಿತಿ ಹೇಳುವ ಬಾಯಿಯನ್ನು ನಂಬಿ.

ನಿಮ್ಮ ಮನಸ್ಸನ್ನು ಯಾರ ಕೈಗೆ ಕೊಟ್ಟಿದ್ದೀರಿ... ಯೋಚಿಸಿದ್ದೀರಾ?

ಇಲ್ಲಿಗೆ ಕಥೆ ಮುಗಿಸಿ ಪತ್ರಿಕೆಗೆ ಕಳಿಸುವವಳಿದ್ದೆ. ಈ ಸಲವಾದರೂ ಕೇಳಿ ಕಳಿಸೋಣ ಎಂದು ಪಂಕಜಾಳ ಅಂಗಡಿಯ ಬಾಗಿಲಲ್ಲೇ ನಿಂತು ಓದಿ ಹೇಳಿದೆ. ಅವಳು ಕತ್ತರಿ ಕೆಳಗಿಡಲಿಲ್ಲ.

“ನೂರಲ್ಲ, ಮೂರು ರವಿಕೆ. ಕೆರೆಗೂ ನನ್ನ ಹಿಂಗೇ ಕಳಿಸಿದ್ರಿ ನೀವು.”

ನಾನು ಮೆಟ್ಟಿಲಿಳಿಯಲು ತಿರುಗಿದೆ...

“ಕಳಿಸಿ. ಯಾರಿಗಾದ್ರೂ ಉಪಯೋಗ ಆಗ್ಲಿ. ನನ್ ಹೆಸ್ರು ಬದಲಾಯಿಸಿದ್ದೀರಿ, ಸರಿ. ಆ ಅಕ್ಕನ ಹೆಸ್ರು ಯಾಕೆ ಬರ್ದಿಲ್ಲ?”

ಬರೆಯುತ್ತೇನೆ. ಸರ್ವಮಂಗಳಾ, ಮ್ಯಾಚಿಂಗ್ ಸೆಂಟರ್. ನಾನೇ.

ಹನ್ನೆರಡು ಸಾವಿರ ಗುಟ್ಟು ಎಂದದ್ದು ಸುಳ್ಳು. ನನ್ನನ್ನು ನಂಬಿ ಕೊಟ್ಟದ್ದು ಒಂದೇ ಒಂದು... ಅದನ್ನೂ ನಾಲ್ಕು ದಿನ ಇಟ್ಟುಕೊಳ್ಳಲಾಗಲಿಲ್ಲ.