ಮಾತು ನಿಂತಾಗ

ಕರುವಿನ ಮುಂಗಾಲೆರಡು ಹೊರಗೆ ಬಂದು ಅರ್ಧ ಗಂಟೆಯಾಗಿತ್ತು. ಮೂತಿ ಇನ್ನೂ ಕಾಣಿಸಿರಲಿಲ್ಲ. ಕೊಟ್ಟಿಗೆಯಲ್ಲಿ ಕೆಂಪಿ ಮಗ್ಗುಲಾಗಿ ಬಿದ್ದಿತ್ತು. ಹೆಂಡತಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕೈಯನ್ನು ಹೊಟ್ಟೆಯ ಮೇಲೆ ಚಾಚಿ ಕೂತಿದ್ದಳು. ಗಂಡ ಹಿಂದೆ, ಗಂಜಲದ ಕಾಲುವೆಯ ಅಂಚಿಗೆ ಪಾದ ಒತ್ತಿ, ಕರುವಿನ ಕಾಲಿಗೆ ಕಟ್ಟಿದ ಹಗ್ಗ ಹಿಡಿದಿದ್ದ.

"ಡಾಕ್ಟರು ಹೊರಟೆ ಅಂದು ಎಷ್ಟೊತ್ತಾಯ್ತು? ಇನ್ನೊಂದ್ಸಲ ಫೋನ್ ಮಾಡ್ಲಾ? ಹೋದ ಸಲ ಹಿಂಗೇ ತಡವಾಗಿ ಕರು ಹೋಯ್ತು, ಈ ಸಲ ತಾಯೀನೂ... ಮುಕ್ಕವ್ವ, ಮುಕ್ಕು ನನ್ನ ತಾಯಿ... ರೀ, ಕೇಳಿಸ್ತಾ?"

"ಹ್ಞೂಂ."

"ಏನ್ ಹ್ಞೂಂ? ನನ್ನೆದೆ ಡವಡವ ಅಂತಿದೆ, ನೀವು ಬೇಲಿ ಕಟ್ಟೋರ ಥರ ಕೂತಿದೀರಿ."

"ಬಾಯಿ ಮುಚ್ಕೊಂಡಿರ್ತೀಯಾ ಸ್ವಲ್ಪ?"

ಅವಳು ಮುಚ್ಚಿದಳು. ಬಿಸಿನೀರು ತಂದ ಅತ್ತೆ, "ಬಣವೆಗೆ ಬೆಂಕಿ ಬಿದ್ದ ದಿನ ಇವನಪ್ಪನೂ ಹಿಂಗೇ ಮೂಗನಾಗಿದ್ದ ಕಣೆ," ಎಂದರು. ಸೊಸೆ ನಗಲಿಲ್ಲ.

ಅವನು ಎಳೆದ. ಬಂದಷ್ಟೂ ಹಿಂದೆ ಸರಿಯಿತು. ಮತ್ತೆ ಎಳೆದ, ಕೆಂಪಿ ನರಳಿ ಕಾಲು ಝಾಡಿಸಿತು. ಅದು ಸುಧಾರಿಸಿಕೊಳ್ಳುವಾಗ ಇವನು ಎಳೆಯುತ್ತಿದ್ದ, ಅದು ಮುಕ್ಕಿ ತಿಣುಕುವಾಗ ಸಡಿಲ ಬಿಡುತ್ತಿದ್ದ. ಅಲ್ಲಿಯವರೆಗೆ ಅವಳು 'ಮುಕ್ಕವ್ವ' ಎಂದಾಗಲೆಲ್ಲ ತಾನು ಎಳೆದು, ಮಾತು ಡಾಕ್ಟರ ಕಡೆ ತಿರುಗಿದಾಗ ಬಿಟ್ಟಿದ್ದು ಅವನಿಗೆ ಆಗಷ್ಟೇ ಹೊಳೆಯಿತು.

"ಮಾತಾಡು," ಎಂದ.

"ಯಾರು, ನಾನಾ?"

"ನೀನೇ. ನೀ ಸುಮ್ನಾದ್ರೆ ನಂಗೆ ಯಾವಾಗ ಎಳೀಬೇಕು ಅಂತಾನೇ ತಿಳೀತಿಲ್ಲ ಮಾರಾಯ್ತಿ."

ಅವಳು ಆಗ ಅವನ ಮುಖ ನೋಡಿದಳು. ಕೆಳದುಟಿ ಹಲ್ಲಿಗೆ ಸಿಕ್ಕಿ ಬಿಳಿಚಿತ್ತು.

ಶುರು ಹಚ್ಚಿಕೊಂಡಳು. ಕೆಂಪಿಯನ್ನು ಮುದ್ದಿಸಿದಳು, ಡಾಕ್ಟರನ್ನು ಬೈದಳು, ಗಂಡನ ವಂಶವನ್ನೂ ಬಿಡಲಿಲ್ಲ. ಅಂಗೈಯಡಿ ಹೊಟ್ಟೆ ಬಿಗಿದಾಗಲೆಲ್ಲ "ಮುಕ್ಕವ್ವ" ಎಂದಳು, ಹಗ್ಗ ಬಿಗಿಯಿತು. ಐದನೆಯ ಸಲಕ್ಕೆ ಮೂತಿ, ಹಿಂದೆಯೇ ಹೆಗಲು, ಆಮೇಲೆ ಎಲ್ಲವೂ ಒಮ್ಮೆಗೇ ಜಾರಿ ಹುಲ್ಲಿಗೆ ಬಿತ್ತು. ಅತ್ತೆ ಹುಲ್ಲುಕಡ್ಡಿಯಿಂದ ಮೂಗು ಕೆಣಕಿದರು. ಕರು ಸೀನಿತು. ಕೆಂಪಿ ಕತ್ತು ತಿರುಗಿಸಿ ನಾಲಿಗೆ ಚಾಚಿತು.

ತೊಟ್ಟಿಯ ಬಳಿ ಅವಳು ಚೊಂಬಿನಿಂದ ನೀರು ಹಾಕಿದಳು. ಅವನು ಹಗ್ಗ ಕೊರೆದ ಅಂಗೈಗಳನ್ನು ಉಜ್ಜಿಕೊಂಡ.

"ಮೊದ್ಲು ಕೈ ಹಾಕಿ ನೋಡ್ದಾಗ ಕರುವಿನ ನಾಲಿಗೆ ಅಲುಗ್ಲೇ ಇಲ್ಲ ಕಣೆ. ಹೋಗಿದೆ ಅಂದ್ಕೊಂಡೆ. ನಿಂಗೆ ಹೆಂಗೆ ಹೇಳ್ಲಿ? ಆಮೇಲೆ ಒಂದ್ಸಲ ಬೆರಳು ಚೀಪಿದ ಹಾಗಾಯ್ತು, ಅದೂ ನನ್ನ ಭ್ರಮೆಯೋ ಏನೋ ಅಂತ..." ಅವನು ಹೇಳುತ್ತಲೇ ಹೋದ. ಡಾಕ್ಟರ ಬೈಕು ಬಂದು ಅಂಗಳದಲ್ಲಿ ನಿಂತರೂ ಅವನ ಮಾತು ನಿಲ್ಲಲಿಲ್ಲ.

ಅವಳು ಚೊಂಬನ್ನು ಮತ್ತೆ ತುಂಬಿ, ಅವನ ಕೈಗಳ ಮೇಲೆ ನಿಧಾನ ಹೊಯ್ಯುತ್ತ, "ಹ್ಞೂಂ," ಎಂದಳು.