ಬ್ರೇಕಿಗೆ ಎಣ್ಣೆ

ಬ್ರೇಕು ಕಿರುಚುತ್ತದೆ ಎಂದು ಭಾವ ಅದಕ್ಕೆ ಎಣ್ಣೆ ಬಿಟ್ಟಿದ್ದರು. ಚೈನಿಗೆ ಬಿಟ್ಟರು, ಸರಿ. ಅಲ್ಲಿಗೆ ನಿಲ್ಲುವ ಕೈಯೇ ಅದು? ಡಬ್ಬಿಯಲ್ಲಿ ಉಳಿದದ್ದನ್ನು ರಿಮ್ಮಿಗೂ ಬ್ರೇಕಿನ ರಬ್ಬರಿಗೂ ಧಾರಾಳವಾಗಿ ಸುರಿದು, ಹಳೆ ಬಟ್ಟೆಯಿಂದ ಹೊಳೆಯುವ ಹಾಗೆ ಉಜ್ಜಿದ್ದರು. ಸಾಲದ್ದಕ್ಕೆ, ಚೈನು ಅಷ್ಟು ಬಿಗಿಯಾಗಿದ್ದರೆ ಉಸಿರಾಡುವುದು ಹೇಗೆ ಎಂದು ಹಿಂದಿನ ಚಕ್ರವನ್ನು ಮುಂದಕ್ಕೆ ಸರಿಸಿ ಅದನ್ನೂ ಜೋಲು ಬಿಟ್ಟಿದ್ದರು. ಸೈಕಲ್ಲು ಹೆಂಡತಿಯ ತಂಗಿಯದು. ಅವಳು ಸ್ನಾನಕ್ಕೆ ಹೋಗಿದ್ದಾಗ ನಡೆದ ಈ ಉಪಕಾರ ಅವಳಿಗೆ ತಿಳಿದದ್ದು ಮರುದಿನ ಬೆಳಿಗ್ಗೆ, ಇಳಿಜಾರಿನ ನಟ್ಟನಡುವೆ.

ತಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿಗೆ ಹೊರಟಿದ್ದಳು. ಕೆಳಗೆ ನಾಲ್ಕು ರಸ್ತೆ ಕೂಡುವಲ್ಲಿ ಲಾರಿಯೊಂದು ಎಡಕ್ಕೆ ತಿರುಗುತ್ತಿತ್ತು. ಬ್ರೇಕು ಒತ್ತಿದಳು. ಸದ್ದೇ ಇಲ್ಲ. ಇನ್ನೂ ಒತ್ತಿದಳು, ಚಕ್ರ ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ಅಯ್ಯೋ ದೇವರೇ, ತುಳಿದು ಮುಂದೆ ದಾಟಿಬಿಡೋಣ ಎಂದು ಜೋರಾಗಿ ಪೆಡಲು ಒತ್ತಿದರೆ ಚೈನು ಕಳಚಿ, ಕಾಲು ಗಾಳಿಯಲ್ಲಿ ಗಿರಗಿರ ತಿರುಗಿತು. ಕೊನೆಗೆ ಎರಡೂ ಚಪ್ಪಲಿಯನ್ನು ರಸ್ತೆಗೆ ಒತ್ತಿ ಉಜ್ಜುತ್ತ, ಹ್ಯಾಂಡಲ್ಲು ತಿರುಗಿಸಿ, ಟಯರ್ ಅಂಗಡಿಯ ಮುಂದೆ ಪೇರಿಸಿದ್ದ ಹಳೆ ಟಯರುಗಳಿಗೆ ಹೋಗಿ ಗುದ್ದಿಕೊಂಡಳು. ತಲೆಗೆ ಬರಬೇಕಾದ್ದು ಮೊಣಕೈಗೆ ಹೋಯಿತು.

"ಬ್ರೇಕ್ ಇಲ್ಲವೇನ್ರೀ?" ಲಾರಿಯವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ.

"ಇತ್ತು, ನಿನ್ನೆ ತನಕ," ಅಂದಳು. ರಿಮ್ಮಿನ ಮೇಲೆ ಬೆರಳಾಡಿಸಿದರೆ ಬೆರಳೆಲ್ಲ ಕಪ್ಪು ಎಣ್ಣೆ. ಇಂಥ ಕೆಲಸಕ್ಕೆ ಕೈ ಹಾಕುವವರು ಆ ಮನೆಯಲ್ಲಿ ಒಬ್ಬರೇ.

ಭಾವನಿಗೆ ಬೀದಿಯವರು ಬೆನ್ನ ಹಿಂದೆ ಇಟ್ಟ ಹೆಸರು ಸಲಹೆ ಸಾಹೇಬರು. ಟ್ರಾಫಿಕ್ಕಿನಲ್ಲಿ ಸೈಕಲ್ ಹೊಡೆಯುವುದು ಹೇಗೆ ಎಂಬುದು ರಾತ್ರಿ ಊಟಕ್ಕೆ ಕೂತಾಗ ಅವರ ಅಚ್ಚುಮೆಚ್ಚಿನ ವಿಷಯ. ಬಸ್ಸಿನ ಪಕ್ಕ ಎಷ್ಟು ಜಾಗ ಬಿಡಬೇಕು, ತಿರುವಿನಲ್ಲಿ ಕೈ ಯಾವಾಗ ತೋರಿಸಬೇಕು, ಎಲ್ಲ ಬಾಯಿಪಾಠ. ಅಕ್ಕ ಹೂಂಗುಟ್ಟುತ್ತ ಬಡಿಸುವಳು. ಗಂಡ ಕೋಣ ಈದಿದೆ ಎಂದರೆ ಕೊಟ್ಟಿಗೆಗೆ ಕಟ್ಟೋಣ ಅನ್ನುವ ಜಾತಿ ಅವಳದು. ತಂಗಿಯೂ ತುಟಿ ಹೊಲಿದುಕೊಂಡು ಕೇಳುವಳು. ಇರುವುದು ಅವರ ಮನೆಯಲ್ಲಿ, ಉಣ್ಣುವುದು ಅವರ ಅನ್ನ. ಇವತ್ತು ಮಾತ್ರ ಹೊಲಿಗೆ ಬಿಚ್ಚಿತು.

ಸೈಕಲ್ಲು ತಳ್ಳಿಕೊಂಡು ಬಂದಾಗ ಭಾವ ಗೇಟಿನ ಬಳಿ ನಿಂತು ಎದುರುಮನೆಯವರಿಗೆ ಅದ್ಯಾವುದೋ ಸಲಹೆ ಕೊಡುತ್ತಿದ್ದರು.

"ಭಾವ, ಬ್ರೇಕಿಗೆ ಎಣ್ಣೆ ಬಿಟ್ಟಿದ್ರಾ?"

"ಮತ್ತೆ? ಬೀದಿಯವರೆಲ್ಲ ತಿರುಗಿ ನೋಡೋ ಹಾಗೆ ಕಿರುಚ್ತಿತ್ತು. ಈಗ ನೋಡು, ಸದ್ದಿಲ್ಲ."

"ಸದ್ದೂ ಇಲ್ಲ, ಬ್ರೇಕೂ ಇಲ್ಲ. ಲಾರಿ ಕೆಳಗೆ ಹೋಗ್ತಿದ್ದೆ."

ಭಾವ ಅವಳ ಮೊಣಕೈ ನೋಡಿದರು, ಎದುರುಮನೆಯವರನ್ನು ನೋಡಿದರು. "ಅದು ನೀನು ಹಿಡಿಯೋ ರೀತಿ ಕಣಮ್ಮ. ಇಳಿಜಾರಲ್ಲಿ ಮೊದಲು ಹಿಂದಿನ ಬ್ರೇಕು, ಆಮೇಲೆ ಮುಂದಿನದು. ನೂರು ಸಲ ಹೇಳಿದೀನಿ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ!"

ಎದುರುಮನೆಯವರು ನಕ್ಕರು. ಅವಳ ಮೈಯೆಲ್ಲ ಉರಿದುಹೋಯಿತು. ಕಳಚಿದ್ದ ಚೈನನ್ನು ಹಲ್ಲಿಗೆ ಕೂರಿಸಿ, ಸೈಕಲ್ಲನ್ನು ಅವರ ಮುಂದೆ ತಂದು ನಿಲ್ಲಿಸಿದಳು.

"ಹಾಗಾದ್ರೆ ನೀವೇ ಹಿಡಿದು ತೋರಿಸಿ ಭಾವ. ಇಳಿಜಾರು ಬೇಡ, ಸಪಾಟು ರಸ್ತೆ. ಆ ಮೂಲೆಮನೆ ತನಕ ಹೋಗಿ ಬನ್ನಿ."

"ಈಗಲಾ? ಆಫೀಸಿಗೆ ಹೊತ್ತಾಯ್ತು."

"ಹೋಗಿ ಬರೋಕೆ ಎಷ್ಟು ಹೊತ್ತು? ಇವರೂ ನೋಡಿ ಕಲೀತಾರೆ."

"ಹೌದು ಸಾರ್, ಒಂದು ರೌಂಡು," ಅಂದರು ಎದುರುಮನೆಯವರು. ತಮಾಷೆ ಯಾರಿಗೆ ಬೇಡ.

ಭಾವ ಹ್ಯಾಂಡಲ್ಲು ಹಿಡಿದರು. ಹೋರಿಯ ಕೊಂಬು ಹಿಡಿದವರಂತೆ, ಮೈಯನ್ನು ಆದಷ್ಟು ದೂರ ಇಟ್ಟುಕೊಂಡು. ಒಂದು ಕಾಲೆತ್ತಿದರು, ಇಳಿಸಿದರು, ಇನ್ನೊಂದು ಕಾಲೆತ್ತಿದರು. ಸೈಕಲ್ಲು ವಾಲಿತು. ಹಣೆಯಲ್ಲಿ ಬೆವರು ಕಿತ್ತುಬಂತು. "ಇಸ್ತ್ರಿ ಪ್ಯಾಂಟು, ಎಣ್ಣೆಯಾಗುತ್ತೆ," ಎಂದು ಸೈಕಲ್ಲನ್ನು ಗೋಡೆಗೆ ಒರಗಿಸಿ ಸರಸರ ಒಳಗೆ ನಡೆದರು. ಬಚ್ಚಲಿನ ಚಿಲಕ ಬಿದ್ದ ಸದ್ದು ಕೇಳಿತು.

ಅಕ್ಕ ಹತ್ತಿ, ಬಿಸಿನೀರು ತಂದು ತಂಗಿಯನ್ನು ಮೆಟ್ಟಿಲ ಮೇಲೆ ಕೂರಿಸಿದಳು. ಎದುರುಮನೆಯವರು ಹೋಗುವ ತನಕ ಕಾದು, ದನಿ ತಗ್ಗಿಸಿದಳು.

"ಅವರಿಗೆ ಬರಲ್ಲ ಕಣೇ."

"ಏನು ಬರಲ್ಲ?"

"ಸೈಕಲ್ಲು. ಜೀವಮಾನದಲ್ಲೇ ಹತ್ತಿದವರಲ್ಲ, ಭಯ. ಮದುವೆಯಾದ ಹೊಸದರಲ್ಲಿ ನನ್ನ ಹತ್ರ ಹೇಳಿದ್ರು. ಯಾರ ಮುಂದೂ ಅನ್ನಬೇಡ, ಮರ್ಯಾದೆ ಹೋಗುತ್ತೆ ಪಾಪ."

ಇಷ್ಟು ವರ್ಷ ಕೇಳಿದ ಸಲಹೆಗಳೆಲ್ಲ ನೆನಪಾಗಿ ತಂಗಿಗೆ ನಗು ಉಕ್ಕಿತು. ಥೂ, ಇವರ ಮಾತಿಗೆಲ್ಲ ತಲೆಯಾಡಿಸಿದೆನಲ್ಲ ಎಂದು ನಾಚಿಕೆಯೂ ಆಯಿತು. ಆಮೇಲೆ ಬೇರೇನೋ ಹೊಳೆದು ನಗು ನಿಂತಿತು.

"ಅಕ್ಕಾ, ನಿನ್ನೆ ಅವರು ಎಣ್ಣೆ ಬಿಡೋವಾಗ ನೀನು ಎಲ್ಲಿದ್ದೆ?"

"ಇಲ್ಲೇ ಇದ್ದೆ. ಡಬ್ಬಿ ಹಿಡ್ಕೊಂಡಿದ್ದೆ." ಅಕ್ಕ ಗಾಯದ ಮೇಲೆ ಮೆಲ್ಲಗೆ ಊದಿದಳು. "ನನಗೂ ಅನ್ನಿಸ್ತು, ಬ್ರೇಕಿಗೆ ಯಾರಾದ್ರೂ ಎಣ್ಣೆ ಬಿಡ್ತಾರಾ ಅಂತ. ಕೇಳಿದ್ರೆ ಅವರು ಬೇಜಾರು ಮಾಡ್ಕೋತಾರಲ್ಲ ಅಂತ ಸುಮ್ಮನಾದೆ."